ಗೂಸ್‌ನೆಕ್: ಉಕ್ಕಿನ ಪೈಪು ಬಾಗಿ ಬಾವಿಗಿಳಿಯುವ ಜಾಗದ ಕಥೆ

ಇವತ್ತಿನ ಎಪಿಸೋಡು ಒಂದು ಕಮಾನಿನ ಬಗ್ಗೆ. ದೇವಸ್ಥಾನದ ಕಮಾನಲ್ಲ, ಕೋಟೆಯದ್ದೂ ಅಲ್ಲ. ತೈಲ ಬಾವಿಯ ನೆತ್ತಿ ಮೇಲೆ ಕೂರೋ ಒಂದು ಕಬ್ಬಿಣದ ಕಮಾನು.

ತೈಲ ಬಾವಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಎತ್ತರದ ಡೆರಿಕ್ಕು. ಅದು ಬಾವಿ ಕೊರೆಯೋಕೆ. ಕೊರೆದು ಮುಗಿದು, ಎಣ್ಣೆಯೋ ಗ್ಯಾಸೋ ಬರೋಕೆ ಶುರುವಾದ ಮೇಲೆ ಬಾವಿಗೆ ಕಾಯಿಲೆ ಬರುತ್ತೆ. ಮರಳು ಬಂದು ಕಟ್ಟಿಕೊಳ್ಳುತ್ತೆ, ಹರಿವು ನಿಲ್ಲುತ್ತೆ. ಆಗ ಒಂದು ಸಣ್ಣ ಪೈಪನ್ನ ಒಳಗೆ ಇಳಿಸಿ, ಅದರ ಮೂಲಕ ನೀರನ್ನೋ ನೈಟ್ರೋಜನ್ನನ್ನೋ ಪಂಪ್ ಮಾಡಿ ತೊಳೀಬೇಕು. ಮಾಮೂಲಿ ಪೈಪಾದ್ರೆ ಸುಮಾರು 30 ಅಡಿಗೊಂದು ಜಾಯಿಂಟು. ಪ್ರತಿ ತುಂಡಿಗೂ ನಿಲ್ಲಿಸು, ತಿರುಪು, ಮತ್ತೆ ಇಳಿಸು. ಎಷ್ಟೋ ಸಲ ಅದಕ್ಕೂ ಮೊದಲು ಭಾರವಾದ ದ್ರವ ತುಂಬಿಸಿ ಬಾವಿಯ ಒತ್ತಡವನ್ನೇ ಅಡಗಿಸಬೇಕು. ಹಾಗೆ ಅಡಗಿಸಿದ ಬಾವಿ ಮತ್ತೆ ಮೊದಲಿನ ಹಾಗೆ ಹರಿಯುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇದಕ್ಕೆ ಪರಿಹಾರವಾಗಿ ಬಂದಿದ್ದು ಕಾಯಿಲ್ಡ್ ಟ್ಯೂಬಿಂಗ್. ಕಿಲೋಮೀಟರುಗಟ್ಟಲೆ ಉದ್ದದ ಒಂದೇ ಪೈಪು, ದಾರದುಂಡೆಯ ಹಾಗೆ ದೊಡ್ಡ ರೀಲಿಗೆ ಸುತ್ತಿ ಲಾರಿ ಮೇಲೆ ತರೋದು. ನಮ್ಮ ಕಡೆ ಬೋರ್‌ವೆಲ್‌ಗೆ ಕಪ್ಪು ಎಚ್‌ಡಿಪಿಇ ಪೈಪನ್ನ ಸುರುಳಿ ಸುತ್ತಿ ತರ್ತಾರಲ್ಲ, ನೋಡೋಕೆ ಹಾಗೇ. ಒಂದೇ ವ್ಯತ್ಯಾಸ, ಇದು ಉಕ್ಕು. ಪ್ಲಾಸ್ಟಿಕ್ಕು ಬಾಗುತ್ತೆ, ಸರಿ. ಉಕ್ಕಿನ ಪೈಪನ್ನ ಬಗ್ಗಿಸಿ, ನೇರ ಮಾಡಿ, ಮತ್ತೆ ಬಗ್ಗಿಸ್ತಾ ಹೋದ್ರೆ ಏನಾಗುತ್ತೆ? ನನ್ನ ಪ್ರಕಾರ ಈ ತಂತ್ರಜ್ಞಾನದ ಇಡೀ ಇತಿಹಾಸ ಈ ಒಂದು ಪ್ರಶ್ನೆಯ ಸುತ್ತಾನೇ ತಿರುಗುತ್ತೆ.

ಶುರುವಾಗಿದ್ದು ಬಾವಿಯಲ್ಲಲ್ಲ, ಸಮುದ್ರದಲ್ಲಿ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು 1944ರ ಜೂನ್‌ನಲ್ಲಿ ಫ್ರಾನ್ಸ್‌ನ ನಾರ್ಮಂಡಿ ತೀರದಲ್ಲಿ ಇಳಿದವು. ಟ್ಯಾಂಕು, ಲಾರಿ ಎಲ್ಲದಕ್ಕೂ ಪೆಟ್ರೋಲ್ ಬೇಕು. ಟ್ಯಾಂಕರ್ ಹಡಗು ಕಳಿಸಿದ್ರೆ ಶತ್ರು ಮುಳುಗಿಸೋ ಭಯ. ಹಾಗಾಗಿ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಸಮುದ್ರದ ತಳದಲ್ಲೇ ಪೈಪು ಹಾಕೋ ಯೋಜನೆ ಮಾಡಿದ್ರು. ಹೆಸರು ಪ್ಲೂಟೋ. ಮುಂದೆ ಬಿಪಿ ಆದ ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿಯ ಮುಖ್ಯ ಎಂಜಿನಿಯರ್ ಹಾರ್ಟ್ಲಿ, ಸಮುದ್ರದೊಳಗಿನ ಟೆಲಿಗ್ರಾಫ್ ಕೇಬಲ್ ಥರಾನೇ ಸೀಸದ ಪೈಪು ಮಾಡಬಹುದು ಅಂದರು. ಹ್ಯಾಮಿಕ್ ಮತ್ತು ಎಲ್ಲಿಸ್ ಅನ್ನೋ ಇನ್ನಿಬ್ಬರು ಎಂಜಿನಿಯರ್‌ಗಳು ಹೇಳಿದ್ದು ಬೇರೆ: 3 ಇಂಚಿನ ಉಕ್ಕಿನ ಪೈಪನ್ನೇ ಬೆಸುಗೆ ಹಾಕ್ತಾ ಹೋಗಿ, ದೊಡ್ಡ ಡ್ರಮ್ಮಿಗೆ ಸುತ್ತಿಬಿಡೋಣ.

ಆ ಡ್ರಮ್ಮಿನ ಫೋಟೋ ಸಿಕ್ಕಿದ್ರೆ ಒಮ್ಮೆ ನೋಡಿ. ಪಕ್ಕದಲ್ಲಿ ನಿಂತ ಮನುಷ್ಯರು ಇರುವೆ ಹಾಗೆ ಕಾಣ್ತಾರೆ. ಎರಡೂ ತುದಿ ಶಂಕುವಿನ ಆಕಾರ. ಇಂಗ್ಲಿಷಿನ ಕೋನ್, ಡ್ರಮ್ ಎರಡೂ ಸೇರಿಸಿ ಕನಂಡ್ರಮ್ ಅಂತ ಹೆಸರಿಟ್ರು. ಆ ಪದಕ್ಕೆ ಒಗಟು ಅನ್ನೋ ಅರ್ಥಾನೂ ಇದೆ, ಬ್ರಿಟಿಷರ ತಮಾಷೆ. ಅದನ್ನ ನೀರಲ್ಲಿ ತೇಲಿಸಿ ಟಗ್ ಬೋಟುಗಳು ಎಳ್ಕೊಂಡು ಹೋಗ್ತಿದ್ರೆ ಪೈಪು ಬಿಚ್ಚಿಕೊಳ್ತಾ ಸಮುದ್ರದ ತಳ ಸೇರ್ತಿತ್ತು. ಶೆರ್ಬೂರ್ ಕಡೆಗೆ ಹಾಕಿದ ಮೊದಲ ಲೈನುಗಳು ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಬುಲೋನ್ ಕಡೆಗೆ ಹಾಕಿದವು ಕೆಲಸ ಮಾಡಿದವು.

ಇಲ್ಲಿ ಗಮನಿಸಬೇಕಾದ್ದು ಡ್ರಮ್ಮಿನ ಗಾತ್ರ. ಅಷ್ಟು ದೊಡ್ಡದು ಯಾಕೆ? ಬಾಗು ಕಮ್ಮಿ ಆಗಲಿ ಅಂತ. ಅದೂ ಅಲ್ಲದೆ ಆ ಪೈಪಿನ ಕೆಲಸ ಒಂದೇ ಸಲ ಸುತ್ತೋದು, ಒಂದೇ ಸಲ ಬಿಚ್ಚೋದು. ಬಾವಿ ರಿಪೇರಿಯಲ್ಲಿ ಎರಡೂ ಆಗಲ್ಲ. ಡ್ರಮ್ಮು ಲಾರಿ ಮೇಲೆ ಕೂರಬೇಕು, ಪೈಪು ನೂರು ಸಲ ಒಳಗೆ ಹೋಗಿ ಹೊರಗೆ ಬರಬೇಕು.

ಇನ್ನೊಂದು ಸಮಸ್ಯೆ ತಳ್ಳೋದು. ಹೌದು, ಬಾವಿಗೆ ಪೈಪು ಇಳಿಸೋದಲ್ಲ, ತಳ್ಳೋದು. ಒಳಗಡೆ ಚದರ ಇಂಚಿಗೆ 3,000 ಪೌಂಡ್ ಒತ್ತಡ ಇದೆ ಅಂತಿಟ್ಕೊಳ್ಳಿ. 1.315 ಇಂಚು ದಪ್ಪದ ಪೈಪಿನ ತುದಿಯನ್ನ ಅದು ಮೇಲಕ್ಕೆ ನೂಕೋ ಬಲ ಸುಮಾರು 1,850 ಕೆಜಿ. ಒಂದು ಕಾರಿಗಿಂತ ಜಾಸ್ತಿ ಭಾರ. ಆಳಕ್ಕೆ ಹೋದ ಹಾಗೆ ಕಥೆ ಉಲ್ಟಾ. ಪೈಪಿನದೇ ಭಾರ ಟನ್‌ಗಟ್ಟಲೆ ಆಗಿ, ಬೀಳದ ಹಾಗೆ ಹಿಡ್ಕೋಬೇಕು. ತಳ್ಳೋದು, ಹಿಡಿಯೋದು, ಎಳೆಯೋದು, ಮೂರನ್ನೂ ಒಂದೇ ಯಂತ್ರ ಮಾಡಬೇಕು.

ಆ ಯಂತ್ರ ಬಂದ ದಾರಿ ವಿಚಿತ್ರ. 1960ರ ದಶಕದ ಆರಂಭದಲ್ಲಿ ಬೋವೆನ್ ಟೂಲ್ಸ್ ಅನ್ನೋ ಅಮೆರಿಕದ ಕಂಪನಿ ಜಲಾಂತರ್ಗಾಮಿಗಳಿಗೆ ಒಂದು ಸಾಧನ ಮಾಡಿತ್ತು. 600 ಅಡಿ ಆಳದಲ್ಲಿರೋ ಸಬ್‌ಮರೀನ್‌ನಿಂದ ರೇಡಿಯೋ ಆಂಟೆನಾವನ್ನ ನೀರಿನ ಮೇಲಕ್ಕೆ ತಳ್ಳೋಕೆ. ಎದುರುಬದುರಾಗಿ ತಿರುಗೋ ಎರಡು ಚೈನು, ನಡುವೆ ಆಂಟೆನಾ. ಕಬ್ಬಿನ ಗಾಣದ ಎರಡು ರೋಲರು ಕಬ್ಬನ್ನ ಒಳಗೆ ಎಳೆಯುತ್ತಲ್ಲ, ಅದನ್ನ ಉದ್ದುದ್ದಕ್ಕೆ ಚಾಚಿದ ಹಾಗೆ, ಜಜ್ಜದೆ. ಕೆಳಗಿಂದ ಮೇಲೆ ತಳ್ಳೋ ಯಂತ್ರವನ್ನ ತಿರುಗಿಸಿ ಮೇಲಿಂದ ಕೆಳಗೆ ತಳ್ಳೋ ಹಾಗೆ ಮಾಡಿದ್ರೆ? 1962ರಲ್ಲಿ ಕ್ಯಾಲಿಫೋರ್ನಿಯಾ ಆಯಿಲ್ ಕಂಪನಿ ಮತ್ತು ಬೋವೆನ್ ಸೇರಿ ಮೊದಲ ಪೂರ್ತಿ ಕೆಲಸ ಮಾಡೋ ಕಾಯಿಲ್ಡ್ ಟ್ಯೂಬಿಂಗ್ ಯೂನಿಟ್ ತಯಾರು ಮಾಡಿದವು. ಗಲ್ಫ್ ಆಫ್ ಮೆಕ್ಸಿಕೋ ಕರಾವಳಿಯ ಬಾವಿಗಳಲ್ಲಿ ಕಟ್ಟಿದ ಮರಳು ತೊಳೆಯೋಕೆ. ಚೈನಿನ ಆ ಯಂತ್ರಕ್ಕೆ ಇಂಜೆಕ್ಟರ್ ಅಂತಾರೆ. 30,000 ಪೌಂಡ್, ಅಂದ್ರೆ ಸುಮಾರು 13.6 ಟನ್ ಭಾರ ತಡೆಯೋ ಶಕ್ತಿ. ಪೈಪಿನ ಉದ್ದ 15,000 ಅಡಿ. ಅದನ್ನ ಸುತ್ತಿದ ರೀಲಿನ ನಡುಭಾಗದ ಅಗಲ 9 ಅಡಿ.

ಈಗ ನಮ್ಮ ಕಮಾನಿಗೆ ಬರೋಣ. ರೀಲು ಪಕ್ಕದಲ್ಲಿ ನೆಲದ ಮೇಲೆ ಇದೆ. ಬಾವಿ ನೆಟ್ಟಗೆ ಕೆಳಕ್ಕೆ. ಇಂಜೆಕ್ಟರ್ ಬಾವಿಯ ಬಾಯಿ ಮೇಲೆ ಎತ್ತರದಲ್ಲಿ. ರೀಲಿಂದ ಓರೆಯಾಗಿ ಮೇಲೆ ಬಂದ ಪೈಪು ಬಾಗಿ ನೇರ ಕೆಳಕ್ಕೆ ತಿರುಗಬೇಕು. ಹಾಗೆ ತಿರುಗಿಸೋಕೆ ಇಂಜೆಕ್ಟರ್ ತಲೆ ಮೇಲೆ ರೋಲರುಗಳ ಸಾಲಿರೋ ಒಂದು ಬಾಗಿದ ಚೌಕಟ್ಟು. ಪುಸ್ತಕದ ಹೆಸರು ಗೈಡ್ ಆರ್ಚ್. ಕೆಲಸದವರ ಬಾಯಲ್ಲಿ ಗೂಸ್‌ನೆಕ್, ಹೆಬ್ಬಾತಿನ ಕತ್ತು. ಸೇದೋ ಬಾವಿಯ ರಾಟೆ ಮಾಡೋ ಕೆಲಸಾನೇ ಇದರದ್ದೂ.

ರಾಟೆ ಮೇಲೆ ಹಗ್ಗ ಸವೆಯುತ್ತೆ. ಗೂಸ್‌ನೆಕ್ ಮೇಲೆ ಉಕ್ಕು ಸುಸ್ತಾಗುತ್ತೆ.

ಲೆಕ್ಕ ನೋಡಿ. 9 ಅಡಿ ರೀಲಿಗೆ 1.315 ಇಂಚಿನ ಪೈಪು ಸುತ್ತಿದ್ರೆ ಅದರ ಹೊರಮೈ ಸುಮಾರು ಶೇ. 1.2ರಷ್ಟು ಹಿಗ್ಗುತ್ತೆ. ಬಿಟ್ಟ ತಕ್ಷಣ ಸ್ಪ್ರಿಂಗಿನ ಹಾಗೆ ವಾಪಸ್ ನೇರ ಆಗಬೇಕು ಅಂದ್ರೆ, ಆಗಿನ ಸಾಧಾರಣ ಉಕ್ಕು ಶೇ. 0.2ರ ಆಸುಪಾಸಿನಲ್ಲೇ ನಿಲ್ಲಬೇಕಿತ್ತು. ಅಷ್ಟಕ್ಕೆ ನಿಲ್ಲಿಸೋಕೆ ರೀಲಿನ ಅಗಲ 50 ಅಡಿ ದಾಟಬೇಕು. ಯಾವ ರಸ್ತೆ ಮೇಲೆ ಓಡಿಸ್ತೀರಿ? ಹಾಗಾಗಿ ಇಲ್ಲಿ ಪ್ರತಿ ಬಾಗೂ ಶಾಶ್ವತ ಬಾಗು, ಪ್ರತಿ ನೇರವೂ ಬಲವಂತದ ನೇರ. ರೀಲಿಂದ ಬಿಚ್ಚುವಾಗ ಒಂದು, ಗೂಸ್‌ನೆಕ್ ಮೇಲೆ ಬಾಗುವಾಗ ಎರಡು, ಇಂಜೆಕ್ಟರ್‌ಗೆ ನೇರವಾಗಿ ಇಳಿಯುವಾಗ ಮೂರು. ಹೊರಗೆ ಬರುವಾಗ ಮತ್ತೆ ಮೂರು. ಒಂದು ಸಲ ಹೋಗಿ ಬಂದ್ರೆ ಆರು ಏಟು, ಅದರಲ್ಲಿ ನಾಲ್ಕು ಗೂಸ್‌ನೆಕ್ಕಿನದ್ದೇ. ತಂತಿಯನ್ನ ಅತ್ತಿತ್ತ ಬಗ್ಗಿಸಿ ಮುರೀತೀವಲ್ಲ, ಅದೇ ತತ್ವ. ಇದನ್ನ ಓದುವಾಗ ನನಗೆ ತುಂಬಾ ಆಶ್ಚರ್ಯ ಆಗಿದ್ದು ಇದೇ. ಮೈಲಿ ಆಳದ ಬಾವಿಯೊಳಗಿನ ಬಿಸಿ, ಒತ್ತಡ, ಆಸಿಡ್ಡು ಇವೆಲ್ಲ ಇದ್ದೂ, ಪೈಪಿನ ಆಯಸ್ಸಿನ ದೊಡ್ಡ ಪಾಲು ಕರಗೋದು ಮೇಲೆ, ಬಿಸಿಲಲ್ಲಿ, ಎಲ್ಲರ ಕಣ್ಣೆದುರಿಗೆ.

ಮೊದಲ ಹತ್ತು ಹದಿನೈದು ವರ್ಷ ಕಷ್ಟದ್ದೇ. 1962ರ ಆ ಪೈಪನ್ನ ಮಾಡಿದ್ದು 50 ಅಡಿ ತುಂಡುಗಳನ್ನ ತುದಿಗೆ ತುದಿ ಬೆಸೆದು. ಸುಮಾರು 300 ಬೆಸುಗೆ. ಪ್ರತಿ ಬೆಸುಗೆಯೂ ಒಂದು ದುರ್ಬಲ ಜಾಗ, ಎಲ್ಲವೂ ಗೂಸ್‌ನೆಕ್ ಹತ್ತಿ ಇಳೀಬೇಕು. ಪೈಪು ತುಂಡಾಗಿ ಬಾವಿಯೊಳಗೆ ಬಿದ್ರೆ ಅದನ್ನ ಹಿಡಿದು ತೆಗೆಯೋದೇ ಬೇರೆ ಕೆಲಸ, ಬೇರೆ ಖರ್ಚು. ಕಾಯಿಲ್ಡ್ ಟ್ಯೂಬಿಂಗ್ ನಂಬೋಕಾಗಲ್ಲ ಅನ್ನೋ ಹೆಸರು ಬಂತು. 1969ರ ಹೊತ್ತಿಗೆ ಸೌತ್‌ವೆಸ್ಟರ್ನ್ ಪೈಪ್ ಕಂಪನಿ ಉದ್ದನೆಯ ಪೈಪನ್ನ ಮಿಲ್ಲಲ್ಲೇ ಎಳೆಯೋಕೆ ಶುರು ಮಾಡಿದ ಮೇಲೆ ಬೆಸುಗೆಗಳ ಸಂಖ್ಯೆ ಇಳೀತು. ಆಮೇಲೆ ಬಂದ ಉಪಾಯ ನನಗೆ ತುಂಬಾ ಇಷ್ಟ. ಉಕ್ಕಿನ ಪಟ್ಟಿಗಳನ್ನ ನೇರವಾಗಿ ಕತ್ತರಿಸೋ ಬದಲು 45 ಡಿಗ್ರಿ ಓರೆಯಾಗಿ ಕತ್ತರಿಸಿ ಬೆಸೆದು, ಆಮೇಲೆ ಪೈಪಾಗಿ ಮಡಚೋದು. ಆಗ ಬೆಸುಗೆ ಒಂದೇ ಜಾಗದಲ್ಲಿ ಉಂಗುರದ ಹಾಗೆ ಕೂರಲ್ಲ, ಪೈಪಿನ ಸುತ್ತ ಬಳ್ಳಿ ಹಬ್ಬಿದ ಹಾಗೆ ಹಬ್ಬುತ್ತೆ. ಏಟು ಹಂಚಿಹೋಗುತ್ತೆ.

ಆದ್ರೂ ಸುಸ್ತು ನಿಲ್ಲಲ್ಲ. ಪೈಪನ್ನ ಯಾವಾಗ ಬಿಸಾಕಬೇಕು? ನಾನು ಓದಿದ್ದು ಬಿಕಾಂ, ಈ ಭಾಗದಲ್ಲಿ ನನ್ನ ಹಳೇ ಪಾಠ ನೆನಪಾಯ್ತು. ಮೊದಮೊದಲು ಮಾಡ್ತಿದ್ದ ಲೆಕ್ಕ ರನ್ನಿಂಗ್ ಫೀಟ್. ಪೈಪು ಬಾವಿಯಲ್ಲಿ ಒಟ್ಟು ಎಷ್ಟು ಅಡಿ ಓಡಿದೆ ಅಂತ ಬರೆದಿಟ್ಟು, ಇಂತಿಷ್ಟು ಆದ್ಮೇಲೆ ರಿಟೈರ್. ಬಸ್ಸಿಗೆ ಕಿಲೋಮೀಟರ್ ಲೆಕ್ಕದಲ್ಲಿ ಡಿಪ್ರಿಸಿಯೇಷನ್ ಹಾಕಿದ ಹಾಗೆ. ಸಮಸ್ಯೆ ಏನಂದ್ರೆ, ಬಸ್ಸಿನ ಹಾಗೆ ಇಡೀ ಪೈಪು ಒಟ್ಟಿಗೆ ಸವೆಯಲ್ಲ. ಒಂದು ಆಳದಲ್ಲಿ ಮರಳು ಗಟ್ಟಿಯಾಗಿದೆ ಅಂತ ಅಲ್ಲೇ ಮೇಲೆ ಕೆಳಗೆ ಹತ್ತಾರು ಸಲ ಆಡಿಸಿದ್ರೆ, ಆ ಹೊತ್ತಲ್ಲಿ ಗೂಸ್‌ನೆಕ್ ಮೇಲಿರೋ ಅದೇ ಕೆಲವು ಮೀಟರ್ ಪೈಪು ಎಲ್ಲಾ ಏಟು ತಿನ್ನುತ್ತೆ. ರಿಜಿಸ್ಟರಿನಲ್ಲಿ ಓಡಿದ್ದು ಸ್ವಲ್ಪವೇ, ಆ ಜಾಗ ಮಾತ್ರ ಮುದಿಯಾಗಿರುತ್ತೆ. ಜೊತೆಗೆ, ಒಳಗೆ ಒತ್ತಡ ಇದ್ದಾಗ ಬಾಗಿದ್ರೆ ಆಯಸ್ಸು ಇನ್ನೂ ಬೇಗ ಕರಗುತ್ತೆ, ಪೈಪು ಬಲೂನಿನ ಹಾಗೆ ಉಬ್ಬುತ್ತೆ ಕೂಡ.

ಹಾಗಾಗಿ ಪೈಪಿನ ತುಂಡುಗಳಲ್ಲಿ ಒತ್ತಡ ತುಂಬಿಸಿ, ಬಾಗಿದ ಅಚ್ಚಿನ ಮೇಲೆ ಮುರಿಯೋವರೆಗೂ ಬಗ್ಗಿಸಿ ಪರೀಕ್ಷೆ ಮಾಡೋದು ಶುರುವಾಯ್ತು. ಅಮೆರಿಕದ ಟಲ್ಸಾ ವಿಶ್ವವಿದ್ಯಾಲಯದಲ್ಲಿ ಇದರ ಮೇಲೆ ದೊಡ್ಡ ಕೆಲಸ ನಡೆದಿದೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕಾಯಿಲ್ಡ್ ಟ್ಯೂಬಿಂಗ್‌ಗೇ ಅಂತ ಶಿಫಾರಸು ಪುಸ್ತಕ ತಂದಿದ್ದು 1996ರಲ್ಲಿ. ಮೊದಲ ಯೂನಿಟ್ ಬಂದು 34 ವರ್ಷ ಆದ್ಮೇಲೆ! ಈಗ ಲಾರಿಯ ಕ್ಯಾಬಿನ್‌ನಲ್ಲಿ ಕಂಪ್ಯೂಟರ್ ಪೈಪಿನ ಒಂದೊಂದು ಭಾಗಕ್ಕೂ ಬೇರೆಬೇರೆ ಖಾತೆ ಇಡುತ್ತೆ: ಎಷ್ಟು ಸಲ ಬಾಗಿತು, ಆಗ ಒಳಗಿನ ಒತ್ತಡ ಎಷ್ಟಿತ್ತು, ಆಯಸ್ಸು ಶೇಕಡಾ ಎಷ್ಟು ಖರ್ಚಾಯ್ತು. ಗೂಸ್‌ನೆಕ್‌ಗಳೂ ದೊಡ್ಡವಾದವು. 72, 90, 120 ಇಂಚು ತ್ರಿಜ್ಯದವು ಈಗ ಸಾಮಾನ್ಯ. ಆದ್ರೆ ದೊಡ್ಡ ಕಮಾನು ಅಂದ್ರೆ ಜಾಸ್ತಿ ತೂಕ, ದೊಡ್ಡ ಕ್ರೇನು. ಸಮುದ್ರದ ಮಧ್ಯದ ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ಜಾಗ ಎಲ್ಲಿ? ಅಲ್ಲಿ ಈಗಲೂ ಚೌಕಾಸಿ ನಡೀತಾನೇ ಇರುತ್ತೆ.

ಈ ಕಮಾನಿನ ಹತ್ತಿರ ನಿಲ್ಲೋ ಮನುಷ್ಯರ ಬಗ್ಗೆಯೂ ಹೇಳಬೇಕು. ಕೆಲಸ ಶುರುವಾಗೋ ಮುಂಚೆ ಪೈಪಿನ ತುದಿಯನ್ನ ರೀಲಿಂದ ಎಳೆದು, ಗೂಸ್‌ನೆಕ್ ಮೇಲೆ ಹಾಯಿಸಿ, ಇಂಜೆಕ್ಟರ್ ಚೈನಿನ ಬಾಯಿಗೆ ಕೊಡಬೇಕು. ಸೂಜಿಗೆ ದಾರ ಪೋಣಿಸಿದ ಹಾಗೆ. ಇದಕ್ಕೆ ಸ್ಟ್ಯಾಬಿಂಗ್ ಅಂತಾರೆ. ರೀಲಲ್ಲಿ ಬಾಗಿಯೇ ಬಂದಿರೋ ಪೈಪಿಗೆ ಮತ್ತೆ ಸುರುಳಿಯಾಗೋ ಹಟ. ಹಿಡಿತ ತಪ್ಪಿದ್ರೆ ತುದಿ ಚಾಟಿಯ ಹಾಗೆ ಬೀಸುತ್ತೆ, ಅದರ ದಾರೀಲಿ ಇದ್ದವರಿಗೆ ಪ್ರಾಣಾಪಾಯ. ಅದಕ್ಕೇ ಪೈಪಿನ ತುದಿಗೆ ಕೇಬಲ್ ಕಟ್ಟಿ, ವಿಂಚಿನಿಂದ ದೂರದಲ್ಲೇ ನಿಂತು ಎಳೆದು ಪೋಣಿಸೋ ಸಾಧನಗಳು ಬಂದಿವೆ. ಎಲ್ಲಾ ಕಡೆ ಅವು ಇರಲ್ಲ. ಇಲ್ಲದ ಕಡೆ ಒಬ್ಬರು ಮೇಲೆ ಹತ್ತಿ, ಸೇಫ್ಟಿ ಬೆಲ್ಟ್ ಬಿಗಿದುಕೊಂಡು, ಪೈಪಿನ ತುದಿ ಚೈನಿನ ಬಾಯಿಗೆ ಸರಿಯಾಗಿ ಬರ್ತಿದೆಯಾ ಅಂತ ನೋಡ್ತಾ, ಕೆಳಗೆ ಕ್ರೇನ್ ಆಪರೇಟರ್‌ಗೆ ಕೈಸನ್ನೆ ಮಾಡ್ತಿರ್ತಾರೆ.