ಆಟೋಕ್ರಾಸ್‌ನಲ್ಲಿ ಚಕ್ರ ಮತ್ತು ಟೈರ್ ಗಾತ್ರದ ಆಯ್ಕೆ

ಆಟೋಕ್ರಾಸ್‌ನಲ್ಲಿ ಚಕ್ರ ಮತ್ತು ಟೈರ್ ಗಾತ್ರದ ಆಯ್ಕೆಯು ಹವ್ಯಾಸಿ ಸ್ಪರ್ಧಿಗಳು ತಮ್ಮ ಕಾರನ್ನು ಆಟೋಕ್ರಾಸ್ ಸ್ಪರ್ಧೆಗೆ ಸಿದ್ಧಪಡಿಸುವಾಗ ಕೈಗೊಳ್ಳುವ ಪ್ರಮುಖ ತಾಂತ್ರಿಕ ನಿರ್ಧಾರಗಳಲ್ಲಿ ಒಂದು. ಚಕ್ರದ ವ್ಯಾಸ, ಅಗಲ ಹಾಗೂ ಆಫ್‌ಸೆಟ್ ಮತ್ತು ಟೈರಿನ ಅಗಲ, ಎತ್ತರ ಹಾಗೂ ರಬ್ಬರಿನ ಗುಣ ಇವೆಲ್ಲವೂ ಈ ಆಯ್ಕೆಯಲ್ಲಿ ಸೇರುತ್ತವೆ. ದೊಡ್ಡ ಚಕ್ರ ಮತ್ತು ಅಗಲವಾದ ಟೈರ್ ಸದಾ ಹೆಚ್ಚು ವೇಗ ನೀಡುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಪೂರ್ತಿ ಸರಿಯಲ್ಲ. ಸ್ಪರ್ಧೆಯ ವರ್ಗದ ನಿಯಮ, ಉತ್ತಮ ಟೈರ್ ದೊರೆಯುವ ಗಾತ್ರಗಳು, ಗೇರ್ ಅನುಪಾತ ಮತ್ತು ಕಾರಿನಲ್ಲಿ ಲಭ್ಯವಿರುವ ಸ್ಥಳ ಇವುಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಮಾತ್ರ ಸೂಕ್ತ ಗಾತ್ರ ನಿರ್ಧಾರವಾಗುತ್ತದೆ.

## ಹಿನ್ನೆಲೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆಟೋಕ್ರಾಸ್ ಎಂದರೆ ವಿಶಾಲವಾದ ವಾಹನ ನಿಲುಗಡೆ ಪ್ರದೇಶ ಅಥವಾ ವಿಮಾನ ನಿಲ್ದಾಣದ ಕಾಂಕ್ರೀಟ್ ಅಂಗಳದಲ್ಲಿ ಪ್ಲಾಸ್ಟಿಕ್ ಶಂಕುಗಳನ್ನಿಟ್ಟು ಗುರುತಿಸಿದ ಅಂಕುಡೊಂಕಾದ ಹಾದಿಯಲ್ಲಿ ನಡೆಯುವ ಸಮಯಾಧಾರಿತ ಸ್ಪರ್ಧೆ. ಸ್ಪರ್ಧಿಗಳು ಪರಸ್ಪರ ಚಕ್ರಕ್ಕೆ ಚಕ್ರ ತಾಗಿಸಿ ಓಡಿಸುವುದಿಲ್ಲ. ಪ್ರತಿಯೊಬ್ಬರ ಪೈಪೋಟಿಯೂ ಗಡಿಯಾರದೊಡನೆ. ಒಂದು ಸುತ್ತು ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ (ಎಸ್‌ಸಿಸಿಎ) ಈ ಕ್ರೀಡೆಯನ್ನು 'ಸೋಲೋ' ಎಂಬ ಹೆಸರಿನಲ್ಲಿ ನಡೆಸುತ್ತದೆ. ಇದರ ರಾಷ್ಟ್ರಮಟ್ಟದ ಸ್ಪರ್ಧೆಯು 2009ರಿಂದ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದಲ್ಲಿ ನಡೆಯುತ್ತಿದೆ. ಒಂದು ಶಂಕುವನ್ನು ಬೀಳಿಸಿದರೆ 2 ಸೆಕೆಂಡುಗಳ ದಂಡ ಸೇರುತ್ತದೆ. ಸಮಬಲದ ಸ್ಪರ್ಧಿಗಳ ನಡುವಿನ ಅಂತರ ಹಲವು ಬಾರಿ ಸೆಕೆಂಡಿನ ದಶಾಂಶಗಳಲ್ಲಿರುವುದರಿಂದ ಟೈರಿನ ಆಯ್ಕೆಗೆ ಅಪಾರ ಮಹತ್ವವಿದೆ.

ಆಟೋಕ್ರಾಸ್ ಎಂಬ ಹೆಸರು ಎಲ್ಲೆಡೆ ಒಂದೇ ಕ್ರೀಡೆಯನ್ನು ಸೂಚಿಸುವುದಿಲ್ಲ. ಬ್ರಿಟನ್ನಿನಲ್ಲಿ ಅದು ಹುಲ್ಲು ಅಥವಾ ಮಣ್ಣಿನ ನೆಲದ ಸ್ಪರ್ಧೆ. ಭಾರತದಲ್ಲಿಯೂ ಈ ಹೆಸರಿನ ಸ್ಪರ್ಧೆಗಳು ಹೆಚ್ಚಾಗಿ ಮಣ್ಣಿನ ಹಾದಿಯಲ್ಲಿ ನಡೆಯುತ್ತವೆ. ಸಡಿಲ ಮಣ್ಣಿನಲ್ಲಿ ಟೈರಿನ ಅಗಲಕ್ಕಿಂತ ಅದರ ಮೇಲ್ಮೈಯ ಕಚ್ಚುಗಳು ಮುಖ್ಯವಾಗುವುದರಿಂದ ಅಲ್ಲಿನ ಲೆಕ್ಕಾಚಾರವೇ ಬೇರೆ. ಈ ಲೇಖನವು ಡಾಂಬರು ಮತ್ತು ಕಾಂಕ್ರೀಟ್ ನೆಲದ ಸ್ಪರ್ಧೆಗೆ ಸೀಮಿತವಾಗಿದೆ.

## ಗಾತ್ರದ ಸಂಕೇತಗಳು

ಟೈರಿನ ಪಕ್ಕದಲ್ಲಿ 205/50ಆರ್15 ಎಂಬ ಮಾದರಿಯಲ್ಲಿ ಗಾತ್ರವನ್ನು ನಮೂದಿಸಲಾಗಿರುತ್ತದೆ. ಇದರ ಅರ್ಥ ಹೀಗಿದೆ:

- 205 – ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಇದು ಪಕ್ಕದ ಗೋಡೆಗಳ ನಡುವಿನ ಅಗಲವೇ ಹೊರತು ನೆಲಕ್ಕೆ ತಾಗುವ ಭಾಗದ ಅಗಲವಲ್ಲ.
- 50 – ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾವಾರಿನಲ್ಲಿ. ಇಲ್ಲಿ 205 ಮಿ.ಮೀ.ನ ಶೇ. 50, ಅಂದರೆ 102.5 ಮಿ.ಮೀ.
- ಆರ್ – ರೇಡಿಯಲ್ ರಚನೆ.
- 15 – ಟೈರ್ ಕೂರುವ ಚಕ್ರದ ವ್ಯಾಸ, ಇಂಚುಗಳಲ್ಲಿ.

ಪಕ್ಕದ ಗೋಡೆಯ ಎತ್ತರದ ಎರಡರಷ್ಟಕ್ಕೆ ಚಕ್ರದ ವ್ಯಾಸವನ್ನು ಕೂಡಿಸಿದರೆ ಟೈರಿನ ಒಟ್ಟು ವ್ಯಾಸ ದೊರೆಯುತ್ತದೆ. ಮೇಲಿನ ಉದಾಹರಣೆಯಲ್ಲಿ 205 + (15 × 25.4) = 586 ಮಿ.ಮೀ. ಇದು ಸೈದ್ಧಾಂತಿಕ ಅಳತೆ. ಒಂದೇ ಸಂಕೇತವಿರುವ ಎರಡು ಕಂಪನಿಗಳ ಟೈರುಗಳ ನಿಜವಾದ ಅಗಲ ಮತ್ತು ವ್ಯಾಸದಲ್ಲಿ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಇರಬಹುದು.

ಚಕ್ರವನ್ನು 15×7 ಎಂಬಂತೆ ವ್ಯಾಸ ಮತ್ತು ಅಗಲದಿಂದ ಹೆಸರಿಸಲಾಗುತ್ತದೆ, ಎರಡೂ ಇಂಚುಗಳಲ್ಲಿರುತ್ತವೆ. ಇದರೊಂದಿಗೆ ಬೋಲ್ಟ್‌ಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ, ಮಧ್ಯರಂಧ್ರದ ವ್ಯಾಸ ಹಾಗೂ ಆಫ್‌ಸೆಟ್‌ಗಳನ್ನೂ ಗಮನಿಸಬೇಕು. ಚಕ್ರವು ಹಬ್‌ಗೆ ತಾಗುವ ಮುಖವು ಚಕ್ರದ ಅಗಲದ ನಡುಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಆ ಮುಖವು ನಡುಗೆರೆಗಿಂತ ಹೊರಬದಿಗೆ ಇದ್ದರೆ ಆಫ್‌ಸೆಟ್ ಧನಾತ್ಮಕ. ಧನಾತ್ಮಕ ಆಫ್‌ಸೆಟ್ ಕಡಿಮೆಯಾದಂತೆ ಚಕ್ರ ಹೊರಕ್ಕೆ ಸರಿಯುತ್ತದೆ.

## ನಿಯಮಗಳ ಮಿತಿ

ಗಾತ್ರದ ಆಯ್ಕೆ ಆರಂಭವಾಗಬೇಕಾದುದು ನಿಯಮಪುಸ್ತಕದಿಂದ. ವರ್ಗದ ಮಿತಿ ಮೀರಿದ ಚಕ್ರವನ್ನು ಅಳವಡಿಸಿದರೆ ಕಾರು ಹೆಚ್ಚು ಮಾರ್ಪಾಡಾದ ಕಾರುಗಳ ವರ್ಗಕ್ಕೆ ಸೇರುತ್ತದೆ; ಅಲ್ಲಿ ಉಳಿದ ಭಾಗಗಳಲ್ಲಿ ಹಿಂದುಳಿದ ಕಾರಿಗೆ ಗೆಲ್ಲುವ ಅವಕಾಶ ಕಡಿಮೆ.

ಎಸ್‌ಸಿಸಿಎಯ 'ಸ್ಟ್ರೀಟ್' ವಿಭಾಗವು 2014ರಲ್ಲಿ ಹಳೆಯ 'ಸ್ಟಾಕ್' ವಿಭಾಗದ ಸ್ಥಾನವನ್ನು ಪಡೆಯಿತು. ಇದರಲ್ಲಿ ಚಕ್ರದ ಅಗಲವು ಕಾರ್ಖಾನೆಯಿಂದ ಬಂದಷ್ಟೇ ಇರಬೇಕು. ವ್ಯಾಸವನ್ನು 1 ಇಂಚಿನಷ್ಟು ಹೆಚ್ಚಿಸಲು ಅಥವಾ ತಗ್ಗಿಸಲು, ಆಫ್‌ಸೆಟ್ಟನ್ನು 7 ಮಿ.ಮೀ.ವರೆಗೆ ಬದಲಿಸಲು ಅವಕಾಶವಿದೆ. 'ಸ್ಟ್ರೀಟ್ ಟೂರಿಂಗ್' ವಿಭಾಗದ ವರ್ಗಗಳಲ್ಲಿ ಚಕ್ರ ಹಾಗೂ ಟೈರ್ ಎರಡಕ್ಕೂ ಗರಿಷ್ಠ ಅಗಲ ನಿಗದಿಯಾಗಿದೆ. ಉದಾಹರಣೆಗೆ, ಎಸ್‌ಟಿಎಸ್ ವರ್ಗದಲ್ಲಿ ಈ ಮಿತಿಯು 7.5 ಇಂಚು ಚಕ್ರ ಮತ್ತು 225 ಮಿ.ಮೀ. ಟೈರ್. ನಿಯಮಗಳು ಆಗಾಗ ಪರಿಷ್ಕರಣೆಗೊಳ್ಳುವುದರಿಂದ ಖರೀದಿಗೆ ಮುನ್ನ ಆಯಾ ವರ್ಷದ ಪುಸ್ತಕವನ್ನು ಪರಿಶೀಲಿಸುವುದು ಅಗತ್ಯ.

ಈ ಎರಡೂ ವಿಭಾಗಗಳಲ್ಲಿ ಟೈರಿನ ಸವೆತಾಂಕ ಕನಿಷ್ಠ 200 ಇರಬೇಕು. ಇದು ಅಮೆರಿಕದ ಟೈರ್ ಗುಣಮಟ್ಟ ಸೂಚನಾ ಪದ್ಧತಿಯ ಅಂಗ. 100 ಎಂಬ ಮಾನದಂಡದ ಟೈರಿಗೆ ಹೋಲಿಸಿ ತಯಾರಕರೇ ಈ ಅಂಕವನ್ನು ನೀಡುತ್ತಾರೆ. ಆದ್ದರಿಂದ 200 ಎಂದು ಬರೆದ ಎಲ್ಲ ಟೈರುಗಳ ಹಿಡಿತ ಒಂದೇ ಸಮನಾಗಿರುವುದಿಲ್ಲ. ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್, ಯೊಕೊಹಾಮಾ ಅಡ್ವಾನ್ ಎ052 ಮತ್ತು ಫಾಲ್ಕನ್ ಅಜೆನಿಸ್ ಆರ್‌ಟಿ660 ಈ ಅಂಕವಿರುವ ಟೈರುಗಳು.

ಇಂತಹ ಟೈರುಗಳು ಎಲ್ಲ ಗಾತ್ರಗಳಲ್ಲಿ ತಯಾರಾಗುವುದಿಲ್ಲ. ಆದಕಾರಣ ಮೊದಲು ಬೇಕಾದ ಟೈರನ್ನು ಗುರುತಿಸಿ, ಅದು ದೊರೆಯುವ ಗಾತ್ರಗಳ ಪಟ್ಟಿ ನೋಡಿ, ನಂತರವೇ ಚಕ್ರವನ್ನು ಕೊಳ್ಳುವುದು ವಿವೇಕದ ಕ್ರಮ. ಮೊದಲೇ ಚಕ್ರ ಕೊಂಡವರಿಗೆ ಆ ವ್ಯಾಸದಲ್ಲಿ ಒಳ್ಳೆಯ ಟೈರೇ ಸಿಗದೆ ಹೋಗಬಹುದು.

## ಅಗಲದ ಪ್ರಭಾವ

ನೆಲಕ್ಕೆ ತಾಗುವ ಟೈರಿನ ವಿಸ್ತೀರ್ಣವು ಮುಖ್ಯವಾಗಿ ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಒತ್ತಡ ಬದಲಾಗದಿದ್ದರೆ ಅಗಲವಾದ ಟೈರ್ ಆ ವಿಸ್ತೀರ್ಣವನ್ನು ಬಹಳ ಹೆಚ್ಚಿಸುವುದಿಲ್ಲ. ಅದರ ಆಕಾರವನ್ನು ಬದಲಿಸುತ್ತದೆ. ಸ್ಪರ್ಶಪ್ರದೇಶವು ಉದ್ದದಲ್ಲಿ ಕುಗ್ಗಿ ಅಗಲದಲ್ಲಿ ಹಿಗ್ಗುತ್ತದೆ. ಇದರಿಂದ ತಿರುವಿನಲ್ಲಿ ಟೈರ್ ಬೇಗ ಪ್ರತಿಕ್ರಿಯಿಸುತ್ತದೆ. ಕಡಿಮೆ ಒತ್ತಡದಲ್ಲಿ ಓಡಿಸಲು ಸಾಧ್ಯವಾದಾಗ ವಿಸ್ತೀರ್ಣವೂ ಹೆಚ್ಚುತ್ತದೆ. ಟೈರಿನ ಮೇಲಿನ ಭಾರ ಏರಿದಂತೆ ಅದರ ಘರ್ಷಣಾ ಗುಣಾಂಕ ಇಳಿಯುತ್ತದೆ. ಆದ್ದರಿಂದ ತೂಕದ ಕಾರುಗಳಿಗೆ ಅಗಲವಾದ ಟೈರಿನಿಂದ ಹೆಚ್ಚು ಲಾಭ.

ಹಗುರವಾದ ಕಾರಿಗೆ ಈ ಲಾಭ ಒಂದು ಹಂತದ ನಂತರ ಕಡಿಮೆಯಾಗುತ್ತದೆ. ಒಂದು ನಿಮಿಷದಷ್ಟು ಚಿಕ್ಕ ಓಟದಲ್ಲಿ, ವಿಶೇಷವಾಗಿ ಚಳಿಯ ದಿನಗಳಲ್ಲಿ, ತೀರಾ ಅಗಲವಾದ ಟೈರ್ ಹಿಡಿತಕ್ಕೆ ಬೇಕಾದ ಉಷ್ಣತೆಯನ್ನು ತಲುಪದೇ ಇರಬಹುದು. ಒಂದೇ ಕಾರನ್ನು ಇಬ್ಬರು ಚಾಲಕರು ಹಂಚಿಕೊಂಡಾಗ ಇದಕ್ಕೆ ವಿರುದ್ಧವಾದ ಸಮಸ್ಯೆ ಎದುರಾಗುತ್ತದೆ: ಓಟಗಳ ನಡುವೆ ಬಿಡುವಿಲ್ಲದೆ ಟೈರುಗಳು ಅತಿಯಾಗಿ ಕಾಯುತ್ತವೆ. ಬೇಸಿಗೆಯಲ್ಲಿ ಅವುಗಳ ಮೇಲೆ ನೀರು ಸಿಂಪಡಿಸಿ ತಣಿಸುವುದು ರೂಢಿಯಲ್ಲಿದೆ.

### ಚಕ್ರಕ್ಕೂ ಟೈರಿಗೂ ಹೊಂದಾಣಿಕೆ

ಪ್ರತಿ ಟೈರಿಗೂ ತಯಾರಕರು ಅನುಮೋದಿಸಿದ ಚಕ್ರದ ಅಗಲದ ವ್ಯಾಪ್ತಿ ಇರುತ್ತದೆ. ಸಾಮಾನ್ಯವಾಗಿ 205/50ಆರ್15 ಟೈರಿಗೆ ಇದು 5.5ರಿಂದ 7.5 ಇಂಚು, 225/45ಆರ್15 ಟೈರಿಗೆ 7ರಿಂದ 8.5 ಇಂಚು. ಕಿರಿದಾದ ಚಕ್ರದ ಮೇಲೆ ಅಗಲವಾದ ಟೈರ್ ಕೂರಿಸಿದರೆ ಪಕ್ಕದ ಗೋಡೆಗಳು ಉಬ್ಬಿ, ತಿರುವಿನಲ್ಲಿ ಟೈರ್ ಪಕ್ಕಕ್ಕೆ ವಾಲುತ್ತದೆ ಮತ್ತು ಸ್ಟಿಯರಿಂಗ್‌ನ ಪ್ರತಿಕ್ರಿಯೆ ನಿಧಾನವಾಗುತ್ತದೆ. ಅನುಮೋದಿತ ವ್ಯಾಪ್ತಿಯ ಮೇಲ್ತುದಿಗೆ ಸಮೀಪವಿರುವ ಚಕ್ರವು ಪಕ್ಕದ ಗೋಡೆಗೆ ಆಧಾರ ನೀಡುತ್ತದೆ. ಆದ್ದರಿಂದ ಕಿರಿದಾದ ಚಕ್ರದ ಮೇಲಿನ ಅಗಲವಾದ ಟೈರಿಗಿಂತ ತಕ್ಕ ಅಗಲದ ಚಕ್ರದ ಮೇಲಿನ ತುಸು ಕಿರಿದಾದ ಟೈರ್ ಕೆಲವೊಮ್ಮೆ ಉತ್ತಮ ಫಲ ಕೊಡುತ್ತದೆ. ಚಕ್ರದ ಅಗಲ ಅರ್ಧ ಇಂಚು ಹೆಚ್ಚಿದರೆ ಅದೇ ಟೈರಿನ ಅಗಲ ಸುಮಾರು 5 ಮಿ.ಮೀ. ಹೆಚ್ಚುತ್ತದೆ.

## ವ್ಯಾಸ ಮತ್ತು ಗೇರ್ ಅನುಪಾತ

ಟೈರಿನ ಒಟ್ಟು ವ್ಯಾಸವು ಕಾರಿನ ಅಂತಿಮ ಗೇರ್ ಅನುಪಾತವನ್ನು ಬದಲಿಸಿದಂತೆಯೇ ಕೆಲಸ ಮಾಡುತ್ತದೆ. ವ್ಯಾಸ ಕಡಿಮೆಯಾದರೆ ನೆಲದ ಮೇಲಿನ ತಳ್ಳುಬಲ ಹೆಚ್ಚುತ್ತದೆ. ಪ್ರತಿ ಗೇರಿನಲ್ಲಿ ಮುಟ್ಟಬಹುದಾದ ಗರಿಷ್ಠ ವೇಗ ಇಳಿಯುತ್ತದೆ. ಆಟೋಕ್ರಾಸ್‌ನಲ್ಲಿ ಬಹುತೇಕ ಕಾರುಗಳು ಹಾದಿಯ ಹೆಚ್ಚಿನ ಭಾಗವನ್ನು ಎರಡನೇ ಗೇರಿನಲ್ಲಿಯೇ ಕ್ರಮಿಸುತ್ತವೆ. ಅತಿ ವೇಗದ ಭಾಗದಲ್ಲಿ ಕ್ಷಣಕಾಲಕ್ಕಾಗಿ ಮೂರನೇ ಗೇರಿಗೆ ಹೋಗಿ ಮರಳಬೇಕಾದರೆ ಸಮಯ ನಷ್ಟವಾಗುತ್ತದೆ.

1989ರಲ್ಲಿ ಬಿಡುಗಡೆಯಾದ ಮಾಜ್ದಾ ಎಂಎಕ್ಸ್-5 ಮಿಯಾಟಾ ಆಟೋಕ್ರಾಸ್‌ನಲ್ಲಿ ಜನಪ್ರಿಯವಾದ ಕಾರು. ಅದರ 1.6 ಲೀಟರ್ ಮಾದರಿಯು 14×5.5 ಚಕ್ರ ಮತ್ತು 185/60ಆರ್14 ಟೈರುಗಳೊಂದಿಗೆ ಬಂದಿತು. ಎರಡನೇ ಗೇರಿನ ಅನುಪಾತ 1.888, ಅಂತಿಮ ಅನುಪಾತ 4.300. ಎಂಜಿನ್ ನಿಮಿಷಕ್ಕೆ 7000 ಸುತ್ತು ತಿರುಗುವಾಗ ವಿವಿಧ ಟೈರುಗಳಲ್ಲಿ ದೊರೆಯುವ ವೇಗದ ಸೈದ್ಧಾಂತಿಕ ಲೆಕ್ಕ ಹೀಗಿದೆ:

| ಟೈರ್ ಗಾತ್ರ | ವ್ಯಾಸ (ಮಿ.ಮೀ.) | ಮೂಲದಿಂದ ವ್ಯತ್ಯಾಸ | ಎರಡನೇ ಗೇರಿನಲ್ಲಿ ವೇಗ (ಕಿ.ಮೀ./ಗಂಟೆ) |
|---|---|---|---|
| 185/60ಆರ್14 (ಮೂಲ) | 577.6 | – | 93.9 |
| 195/50ಆರ್15 | 576.0 | −0.3% | 93.6 |
| 225/45ಆರ್15 | 583.5 | +1.0% | 94.8 |
| 205/50ಆರ್15 | 586.0 | +1.5% | 95.2 |
| 205/45ಆರ್16 | 590.9 | +2.3% | 96.0 |
| 225/50ಆರ್15 | 606.0 | +4.9% | 98.5 |

ಚಕ್ರದ ವ್ಯಾಸ ಒಂದು ಇಂಚು ಹೆಚ್ಚಿದರೂ ಒಟ್ಟು ವ್ಯಾಸ ಅಷ್ಟೇ ಹೆಚ್ಚಬೇಕೆಂದಿಲ್ಲ ಎಂಬುದು ಈ ಪಟ್ಟಿಯಿಂದ ತಿಳಿಯುತ್ತದೆ. ಕೊನೆಯ ಗಾತ್ರವು ಗಂಟೆಗೆ 4.6 ಕಿ.ಮೀ.ನಷ್ಟು ಹೆಚ್ಚುವರಿ ವೇಗಕ್ಕೆ ಅವಕಾಶ ನೀಡಿದರೂ ತಳ್ಳುಬಲವನ್ನು ಸುಮಾರು ಶೇ. 4.7ರಷ್ಟು ತಗ್ಗಿಸುತ್ತದೆ. ಜೊತೆಗೆ ಕಾರನ್ನು ನೆಲದಿಂದ 14 ಮಿ.ಮೀ.ನಷ್ಟು ಮೇಲಕ್ಕೆತ್ತುತ್ತದೆ. ಕಡಿಮೆ ಶಕ್ತಿಯ ಕಾರಿಗೆ ಇದು ಸಾಮಾನ್ಯವಾಗಿ ನಷ್ಟದ ವ್ಯವಹಾರ. ಎರಡನೇ ಗೇರಿನ ವೇಗ ಸಾಲದೆ ಪದೇ ಪದೇ ಗೇರ್ ಬದಲಿಸಬೇಕಾದ, ಹೆಚ್ಚು ಶಕ್ತಿಯ ಕಾರಿಗೆ ಅದೇ ಬದಲಾವಣೆ ಲಾಭ ತರಬಹುದು.

### ತೂಕ ಮತ್ತು ಜಡತ್ವ

ಚಕ್ರ ಮತ್ತು ಟೈರುಗಳು ಸಸ್ಪೆನ್ಷನ್‌ನ ಆಚೆಗಿನ ಭಾರ. ಇವು ಹಗುರವಾಗಿದ್ದಷ್ಟೂ ಉಬ್ಬುತಗ್ಗಿನ ನೆಲದಲ್ಲಿ ಟೈರ್ ನೆಲವನ್ನು ಬಿಡದೆ ಅನುಸರಿಸುತ್ತದೆ. ಅವು ತಿರುಗುವ ಭಾಗಗಳೂ ಆಗಿರುವುದರಿಂದ ಟೈರಿನ ಹೊರ ಅಂಚಿನಲ್ಲಿರುವ 1 ಕಿ.ಗ್ರಾಂ ಭಾರವು ವೇಗವರ್ಧನೆಯ ಮಟ್ಟಿಗೆ ಕಾರಿನೊಳಗಿನ ಸುಮಾರು 2 ಕಿ.ಗ್ರಾಂ ಭಾರಕ್ಕೆ ಸಮ. ಇದೇ ಕಾರಣದಿಂದ ಅನೇಕರು ಬ್ರೇಕ್ ಕ್ಯಾಲಿಪರ್‌ಗೆ ತಾಗದಿರುವಷ್ಟು ಚಿಕ್ಕ ವ್ಯಾಸದ ಚಕ್ರವನ್ನು ಬಯಸುತ್ತಾರೆ. ಚಿಕ್ಕ ವ್ಯಾಸದ ಟೈರುಗಳ ಬೆಲೆಯೂ ಸಾಮಾನ್ಯವಾಗಿ ಕಡಿಮೆ.

## ಸ್ಥಳಾವಕಾಶ ಮತ್ತು ಆಫ್‌ಸೆಟ್

ಅಗಲವಾದ ಚಕ್ರ ಒಳಗೆ ಸಸ್ಪೆನ್ಷನ್‌ಗೂ ಹೊರಗೆ ಮಡ್‌ಗಾರ್ಡಿಗೂ ತಾಗದಂತೆ ಕೂರಬೇಕು. ಇದನ್ನು ಸರಳ ಲೆಕ್ಕದಿಂದ ಮೊದಲೇ ಅಂದಾಜಿಸಬಹುದು: ಚಕ್ರದ ಅರ್ಧ ಅಗಲದಿಂದ ಆಫ್‌ಸೆಟ್ಟನ್ನು ಕಳೆದರೆ ಹಬ್‌ನ ಮುಖದಿಂದ ಹೊರಕ್ಕಿರುವ ಭಾಗವೂ, ಕೂಡಿದರೆ ಒಳಕ್ಕಿರುವ ಭಾಗವೂ ದೊರೆಯುತ್ತದೆ.

ಮೇಲೆ ಹೇಳಿದ ಮಿಯಾಟಾದ ಮೂಲ ಚಕ್ರ 5.5 ಇಂಚು, ಅಂದರೆ 139.7 ಮಿ.ಮೀ. ಅಗಲ, ಆಫ್‌ಸೆಟ್ +45 ಮಿ.ಮೀ. ಅದು ಹೊರಕ್ಕೆ 24.9, ಒಳಕ್ಕೆ 114.9 ಮಿ.ಮೀ. ಚಾಚುತ್ತದೆ. ಅದರ ಬದಲು 8 ಇಂಚು ಅಗಲದ, +36 ಮಿ.ಮೀ. ಆಫ್‌ಸೆಟ್‌ನ ಚಕ್ರ ಹಾಕಿದರೆ ಹೊರಕ್ಕೆ 65.6, ಒಳಕ್ಕೆ 137.6 ಮಿ.ಮೀ. ಆಗುತ್ತದೆ. ಅಂದರೆ ಹೊರಗೆ ಸುಮಾರು 41, ಒಳಗೆ ಸುಮಾರು 23 ಮಿ.ಮೀ. ಹೆಚ್ಚುವರಿ ಸ್ಥಳ ಬೇಕು. ಟೈರಿನ ಉಬ್ಬನ್ನು ಇದಕ್ಕೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ನಿಂತ ಕಾರಿನಲ್ಲಿ ಸ್ಥಳವಿದೆ ಎಂದ ಮಾತ್ರಕ್ಕೆ ಓಡುವಾಗಲೂ ಇರುತ್ತದೆ ಎನ್ನುವಂತಿಲ್ಲ. ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ಮತ್ತು ಸ್ಟಿಯರಿಂಗ್ ಎರಡೂ ಬದಿಗೆ ಪೂರ್ತಿ ತಿರುಗಿದಾಗ ಟೈರ್ ಎಲ್ಲಿಯೂ ಉಜ್ಜದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಚಕ್ರವನ್ನು ಹೆಚ್ಚು ಹೊರಕ್ಕೆ ಸರಿಸಿದರೆ ಸ್ಟಿಯರಿಂಗ್ ಭಾರವಾಗುವುದಲ್ಲದೆ ಹಬ್‌ನ ಬೇರಿಂಗ್‌ಗಳ ಮೇಲಿನ ಒತ್ತಡವೂ ಏರುತ್ತದೆ.

## ಚಾಲನಾ ವ್ಯವಸ್ಥೆಗೆ ಅನುಗುಣವಾದ ಅಂಶಗಳು

- ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಕಾರುಗಳು: ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆ ತಯಾರಕರು ನಿಗದಿಪಡಿಸಿದ ಹೊಂದಾಣಿಕೆಯಲ್ಲಿಯೇ ಇರಬೇಕು. ವ್ಯತ್ಯಾಸವಾದರೆ ನಡುವಿನ ಡಿಫರೆನ್ಷಿಯಲ್ ನಿರಂತರವಾಗಿ ದುಡಿದು ಹಾಳಾಗಬಹುದು.
- ಮುಂಚಕ್ರ ಚಾಲನೆಯ ಕಾರುಗಳು: ವೇಗ ಹೆಚ್ಚಿಸುವ ಮತ್ತು ತಿರುಗಿಸುವ ಎರಡೂ ಕೆಲಸಗಳು ಮುಂದಿನ ಟೈರುಗಳ ಮೇಲೆಯೇ ಬೀಳುವುದರಿಂದ ಮುಂಭಾಗಕ್ಕೆ ಸಾಧ್ಯವಾದಷ್ಟು ಹೆಚ್ಚು ಹಿಡಿತ ಒದಗಿಸುವುದು ಆದ್ಯತೆ.
- ಹಿಂಚಕ್ರ ಚಾಲನೆಯ ಕಾರುಗಳು: ಕೆಲವು ಕಾರುಗಳು ಹಿಂದೆ ಹೆಚ್ಚು ಅಗಲದ ಟೈರುಗಳೊಂದಿಗೆ ಬರುತ್ತವೆ. ಮುಂದೆಯೂ ಅಗಲ ಹೆಚ್ಚಿಸಿದರೆ ಕಾರು ಬಿಗಿ ತಿರುವುಗಳಲ್ಲಿ ಸುಲಭವಾಗಿ ತಿರುಗುತ್ತದೆ. ಹಿಂಭಾಗ ಜಾರುವ ಸಾಧ್ಯತೆಯೂ ಅದರೊಂದಿಗೆ ಏರುತ್ತದೆ.

## ಸುರಕ್ಷತೆ

ಹವ್ಯಾಸಿ ಸ್ಪರ್ಧಿಗಳಲ್ಲಿ ಹಲವರು ಅದೇ ಕಾರಿನಲ್ಲಿ, ಅದೇ ಟೈರುಗಳ ಮೇಲೆ ಮನೆಗೆ ಮರಳುತ್ತಾರೆ. ಆದ್ದರಿಂದ ಗಾತ್ರದ ಆಯ್ಕೆಯು ಸಾರ್ವಜನಿಕ ರಸ್ತೆಯ ಸುರಕ್ಷತೆಗೂ ಸಂಬಂಧಿಸಿದ್ದು.

- ಹೊಸ ಟೈರಿನ ಭಾರಸಾಮರ್ಥ್ಯದ ಸೂಚ್ಯಂಕವು ಮೂಲ ಟೈರಿನದ್ದಕ್ಕಿಂತ ಕಡಿಮೆ ಇರಬಾರದು.
- ಹಬ್ ಮತ್ತು ಚಕ್ರದ ನಡುವೆ ದಪ್ಪ ಬಿಲ್ಲೆಗಳನ್ನು ಸೇರಿಸಿದಾಗ ನಟ್ಟಿಗೆ ಸಿಗುವ ಮರೆಯ ಉದ್ದ ಕಡಿಮೆಯಾಗುತ್ತದೆ. ಅಗತ್ಯವಿದ್ದರೆ ಉದ್ದವಾದ ಬೋಲ್ಟ್‌ಗಳನ್ನು ಬಳಸಬೇಕು.
- ನಟ್ಟುಗಳನ್ನು ತಯಾರಕರು ಸೂಚಿಸಿದ ಬಿಗಿತಕ್ಕೆ ಅಳತೆಯ ಸ್ಪ್ಯಾನರಿನಿಂದಲೇ ಬಿಗಿಗೊಳಿಸಿ, ಚಕ್ರ ಬದಲಿಸಿದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.
- ಗಾಳಿಯ ಒತ್ತಡ ತೀರಾ ಕಡಿಮೆಯಾದರೆ ತಿರುವಿನಲ್ಲಿ ಟೈರ್ ಮಗುಚಿ ಪಕ್ಕದ ಗೋಡೆಯೇ ನೆಲಕ್ಕೆ ಉಜ್ಜುತ್ತದೆ. ಟೈರಿನ ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಓಟದ ನಂತರ ಅದು ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿ ಒತ್ತಡವನ್ನು ಸರಿಪಡಿಸುವ ಕ್ರಮವಿದೆ.
- ಮೃದು ರಬ್ಬರಿನ, ಕಡಿಮೆ ಗೀರುಗಳಿರುವ ಟೈರುಗಳು ಸವೆದ ಮೇಲೆ ಮಳೆಯ ರಸ್ತೆಯಲ್ಲಿ ನೀರಿನ ಮೇಲೆ ತೇಲುವ ಅಪಾಯ ಹೆಚ್ಚು.

## ಆಯ್ಕೆಯ ಕ್ರಮ

1. ಸ್ಪರ್ಧಿಸುವ ವರ್ಗವನ್ನು ನಿರ್ಧರಿಸಿ ಅದರ ಮಿತಿಗಳನ್ನು ತಿಳಿಯುವುದು.
2. ಆ ವರ್ಗದಲ್ಲಿ ಉತ್ತಮ ಟೈರುಗಳು ಯಾವ ಗಾತ್ರಗಳಲ್ಲಿ ದೊರೆಯುತ್ತವೆ ಎಂದು ಪಟ್ಟಿ ಮಾಡುವುದು.
3. ಪ್ರತಿ ಗಾತ್ರದ ಒಟ್ಟು ವ್ಯಾಸ ಮತ್ತು ಎರಡನೇ ಗೇರಿನ ವೇಗವನ್ನು ಲೆಕ್ಕ ಹಾಕುವುದು.
4. ಆ ಟೈರಿಗೆ ಅನುಮೋದಿತವಾದ, ನಿಯಮಕ್ಕೆ ಒಳಪಟ್ಟ, ಹಗುರವಾದ ಚಕ್ರವನ್ನು ಆರಿಸುವುದು.
5. ಆಫ್‌ಸೆಟ್ ಲೆಕ್ಕ ಹಾಕಿ, ಸಾಧ್ಯವಾದರೆ ಒಂದು ಚಕ್ರವನ್ನು ಕಾರಿಗೆ ಅಳವಡಿಸಿ ನೋಡಿದ ನಂತರವೇ ಉಳಿದವನ್ನು ಕೊಳ್ಳುವುದು.

ಮೊದಲ ಬಾರಿಗೆ ಸ್ಪರ್ಧಿಸುವವರಿಗೆ ಇದಾವುದೂ ಕಡ್ಡಾಯವಲ್ಲ. ಸುಸ್ಥಿತಿಯಲ್ಲಿರುವ ಮೂಲ ಚಕ್ರ ಮತ್ತು ಟೈರುಗಳಲ್ಲಿಯೇ ಸ್ಪರ್ಧೆಗೆ ಇಳಿಯಬಹುದು. ಬದಲಾಯಿಸುವಾಗಲೂ ಮೂಲ ಚಕ್ರಕ್ಕೆ ಹೊಂದುವ ಉತ್ತಮ ಹಿಡಿತದ ಟೈರೇ ಮೊದಲ ಹೆಜ್ಜೆ. ಚಕ್ರದ ಗಾತ್ರದ ಬದಲಾವಣೆ ಅದರ ನಂತರದ್ದು.

## ಇವನ್ನೂ ನೋಡಿ

- ಮೋಟಾರು ಕ್ರೀಡೆ
- ಟೈರು
- ಘರ್ಷಣೆ
- ಡಿಫರೆನ್ಷಿಯಲ್