ಬಾಂಬೊಳಿಯಿಂದ ಕ್ಯಾಸಲ್‌ರಾಕ್‌ವರೆಗೆ: 1961ರ ಗೋವಾ ಕಾರ್ಯಾಚರಣೆಯಲ್ಲಿ ಸಂಪರ್ಕಭಂಗ

ಗೋವಾ ವಿಮೋಚನೆ ಎರಡೇ ದಿನಗಳಲ್ಲಿ ಮುಗಿದದ್ದಕ್ಕೆ ಉಭಯ ಸೈನ್ಯಗಳ ಬಲಾಬಲವನ್ನೇ ಕಾರಣವಾಗಿ ಮುಂದಿಡುವುದು ವಾಡಿಕೆ. ಬಲದಲ್ಲಿ ಅಜಗಜಾಂತರವಿತ್ತು, ನಿಜ. ಆದರೆ ಪೋರ್ಚುಗೀಸರ ರಕ್ಷಣಾ ಯೋಜನೆ ಗೆಲುವನ್ನು ಬಯಸಿರಲೇ ಇಲ್ಲ, ಅದಕ್ಕೆ ಬೇಕಿದ್ದದ್ದು ಕಾಲಾವಕಾಶ. ಸೇತುವೆಗಳನ್ನು ಸಿಡಿಸುತ್ತ ಮೊರ್ಮುಗೋವಿನತ್ತ ಹಿಂದೆ ಸರಿಯುವುದು, ಲಿಸ್ಬನ್ ರಾಜತಾಂತ್ರಿಕ ನೆರವು ಗಿಟ್ಟಿಸುವವರೆಗೆ ಅಲ್ಲಿ ಕಾಲೂರಿ ನಿಲ್ಲುವುದು. ಇಂಥ ಯೋಜನೆಗೆ ರಾಜಧಾನಿಯ ಸಂಪರ್ಕವೇ ಆಧಾರ.

ಡಿಸೆಂಬರ್ 18ರ ಬೆಳಿಗ್ಗೆ ಬೆಳಗಾವಿಯ ಸಾಂಬ್ರಾದಿಂದ ಹಾರಿದ ಆರು ಹಂಟರ್ ವಿಮಾನಗಳು ಬಾಂಬೊಳಿಯ ನಿಸ್ತಂತು ಕೇಂದ್ರವನ್ನು ಧ್ವಂಸಗೊಳಿಸಿದವು. ಪುಣೆಯ ಕ್ಯಾನ್ಬೆರಾಗಳು ದಾಬೋಳಿಯ ಓಡುದಾರಿಗೆ ಬಾಂಬು ಹಾಕಿದವು. ಕಟ್ಟಡಗಳನ್ನು ಮಾತ್ರ ಉಳಿಸಬೇಕೆಂದು ಅವಕ್ಕೆ ಆದೇಶವಿತ್ತು. ಇಷ್ಟಾದರೂ ಲಿಸ್ಬನ್ನಿನ ನಂಟು ಕಡಿಯಲಿಲ್ಲ. ಬಂದರಿನಲ್ಲಿದ್ದ ‘ಅಫೊನ್ಸೊ ದೆ ಅಲ್ಬುಕರ್ಕ್’ ಯುದ್ಧನೌಕೆಯ ರೇಡಿಯೊ ಆ ಕೆಲಸವನ್ನು ವಹಿಸಿಕೊಂಡಿತು. ಮಧ್ಯಾಹ್ನ 12ರ ಸುಮಾರಿಗೆ ‘ಬೇತ್ವಾ’, ‘ಬಿಯಾಸ್’ ನೌಕೆಗಳು ಅದರ ಮೇಲೆ ಗುಂಡಿಕ್ಕಿದವು. ಗುಂಡಿನ ನಡುನಡುವೆ ಶರಣಾಗುವಂತೆ ಮೋರ್ಸ್ ಸಂಕೇತದಲ್ಲಿ ಕರೆ ಕೊಡುತ್ತಲೇ ಇದ್ದವು. ನೌಕೆಯ ನಾಯಕ ತೀವ್ರವಾಗಿ ಗಾಯಗೊಂಡ, ರೇಡಿಯೊ ಅಧಿಕಾರಿ ಸತ್ತ, ನೌಕೆಯನ್ನು ದಡಕ್ಕೆ ಹತ್ತಿಸಿ ತೊರೆಯಲಾಯಿತು. ಆದರೂ ಅಂದಿನ ರಾತ್ರಿ ಹಾನಿಗೊಂಡ ದಾಬೋಳಿಯಿಂದಲೇ ಎರಡು ವಿಮಾನಗಳು ಕರಾಚಿಗೆ ಪಾರಾದವು. ಕಡಿತ ಪೂರ್ಣವಾಗಿತ್ತೆನ್ನುವವರು ಇದನ್ನು ಮರೆಯುತ್ತಾರೆ.

ಇಲ್ಲೊಂದು ವೈಪರೀತ್ಯವಿದೆ. ಡಿಸೆಂಬರ್ 14ರಂದೇ ಸಾಲಜಾರ್ ಗವರ್ನರ್ ವಸ್ಸಾಲೊ ಎ ಸಿಲ್ವಾಗೆ ಶರಣಾಗತಿಯ ಮಾತೇ ಇಲ್ಲ, ಗೆಲುವು ಇಲ್ಲವೇ ಸಾವು ಎಂಬ ಅರ್ಥದ ಸಂದೇಶ ಕಳಿಸಿದ್ದ. ಸಂಪರ್ಕ ಹರಿದ ಮೇಲೆ ಅದನ್ನು ಪುನರುಚ್ಚರಿಸುವವರು ಯಾರೂ ಇರಲಿಲ್ಲ. ನಿರ್ಧಾರದ ಹೊಣೆ ಸ್ಥಳದಲ್ಲಿದ್ದವನ ಹೆಗಲಿಗೇ ಬಿತ್ತು. 19ರ ರಾತ್ರಿ ಅವನು ಶರಣಾದ. ಸೋಲು ಕಣ್ಣೆದುರಿಗಿದ್ದದ್ದೇ ಮುಖ್ಯ ಕಾರಣವಾದರೂ ಲಿಸ್ಬನ್ನಿನ ಮೌನವೂ ಅವನ ಕೈಯನ್ನು ಸಡಿಲಿಸಿತೆಂಬುದು ನನ್ನ ಊಹೆ. ಸಾಲಜಾರ್ ಆಡಳಿತ ಅದನ್ನು ಕ್ಷಮಿಸಲಿಲ್ಲ: 1963ರಲ್ಲಿ ಅವನನ್ನು ಸೇನೆಯಿಂದ ವಜಾ ಮಾಡಿತು. 1974ರ ಕ್ರಾಂತಿಯ ನಂತರವಷ್ಟೇ ಪದವಿ ಮರಳಿತು.

ಸೈನಿಕ ಇತಿಹಾಸಕಾರರು ಬಾಂಬೊಳಿಗೆ ಕೊಟ್ಟಷ್ಟು ಗಮನವನ್ನು ಕ್ಯಾಸಲ್‌ರಾಕ್‌ಗೆ ಕೊಟ್ಟಿಲ್ಲ. ಲಿಬಿಯಾ ಲೋಬೊ ಮತ್ತು ವಾಮನ ಸರ್ದೇಸಾಯಿ 1955ರ ನವೆಂಬರ್ 25ರಂದು ಅಂಬೋಲಿಯ ಕಾಡಿನಿಂದ ಆರಂಭಿಸಿದ ಗುಪ್ತ ಬಾನುಲಿ ಮುಂದೆ ಉತ್ತರ ಕನ್ನಡದ ಈ ಗಡಿ ಊರಿಗೆ ಬಂದಿತ್ತು. ಕೊಂಕಣಿ ಮತ್ತು ಪೋರ್ಚುಗೀಸ್ ಭಾಷೆಗಳಲ್ಲಿ ಅದು ಆರು ವರ್ಷ ಸೆನ್ಸಾರಿನ ಕಣ್ಣು ತಪ್ಪಿಸಿ ಮನೆಗಳನ್ನು ಮುಟ್ಟಿತು. ಹೀಗಾಗಿ ಸರ್ಕಾರಿ ದನಿ ಅಡಗಿದಾಗ ಜನರಿಗೆ ಕೇಳಿದ್ದು ನಿಶ್ಶಬ್ದವಲ್ಲ, ಪರಿಚಿತವಾಗಿದ್ದ ಇನ್ನೊಂದು ದನಿ. ಶರಣಾಗತಿಯ ಸುದ್ದಿಯನ್ನು ವಿಮಾನದಿಂದ ಧ್ವನಿವರ್ಧಕದಲ್ಲಿ ಸಾರಿದವರೂ ಇವರಿಬ್ಬರೇ.