ಮಲೇರಿಯಾ ಸಂಶೋಧನೆ: ಕನ್ನಡ ನಾಡು ಕಟ್ಟಿಕೊಂಡ ಅರಿವು

ಮಲೇರಿಯಾ ರೋಗಾಣುವಿಗೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಅವರು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡುಕೊಂಡರು. ಅದಕ್ಕೆ ಎರಡು ವರ್ಷ ಮೊದಲು, 1895ರಲ್ಲಿ, ಕಾಲರಾ ತಡೆಯುವ ನೈರ್ಮಲ್ಯದ ಕೆಲಸಕ್ಕಾಗಿ ಅವರನ್ನು ಬೆಂಗಳೂರಿಗೆ ಕಳುಹಿಸಲಾಗಿತ್ತು. ರಾಸ್ ಅವರ ಶೋಧದಿಂದ ಒಂದು ದೊಡ್ಡ ಪ್ರಶ್ನೆಗೆ ಉತ್ತರ ದೊರೆಯಿತು. ಅದರ ಬೆನ್ನಿಗೇ ಹಲವು ಸಣ್ಣ ಪ್ರಶ್ನೆಗಳು ಹುಟ್ಟಿದವು. ಭಾರತದಲ್ಲಿ ಅನಾಫಿಲಿಸ್ ಕುಲದ ಐವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ರೋಗ ಹರಡುವುದರಲ್ಲಿ ಮುಖ್ಯವಾದವು ಬೆರಳೆಣಿಕೆಯಷ್ಟು ಮಾತ್ರ. ನಮ್ಮೂರಿನಲ್ಲಿ ಯಾವುದು ಹರಡುತ್ತದೆ? ಅದು ಎಲ್ಲಿ ಮೊಟ್ಟೆ ಇಡುತ್ತದೆ? ರಕ್ತ ಹೀರಿದ ಮೇಲೆ ಎಲ್ಲಿ ಕುಳಿತುಕೊಳ್ಳುತ್ತದೆ? ಈ ಪ್ರಶ್ನೆಗಳಿಗೆ ಲಂಡನ್ನಿನಲ್ಲಾಗಲಿ ದೆಹಲಿಯಲ್ಲಾಗಲಿ ಕುಳಿತು ಉತ್ತರಿಸಲು ಬರುವುದಿಲ್ಲ. ಆಯಾ ಊರಿನ ಹಳ್ಳಕೊಳ್ಳ, ಕೊಟ್ಟಿಗೆಗಳಲ್ಲಿ ಹುಡುಕಬಲ್ಲ ತರಬೇತಾದ ಜನ ಬೇಕು. ಕನ್ನಡ ನಾಡಿನಲ್ಲಿ ಅಂಥವರು ಹೇಗೆ ತಯಾರಾದರು ಎಂಬುದನ್ನು ಇಲ್ಲಿ ನೋಡೋಣ.

ಮೈಸೂರಿನ ಕ್ಷೇತ್ರ ಕೇಂದ್ರಗಳು

ಬ್ರಿಟಿಷ್ ಭಾರತದಲ್ಲಿ ಮಲೇರಿಯಾ ಅಧ್ಯಯನಕ್ಕೆಂದು 1909ರಲ್ಲಿ ಕಸೌಲಿಯಲ್ಲಿ ಒಂದು ಕೇಂದ್ರ ಕಚೇರಿ ಆರಂಭವಾಯಿತು. 1927ರಲ್ಲಿ ಅದು ಭಾರತ ಮಲೇರಿಯಾ ಸರ್ವೇಕ್ಷಣ ಸಂಸ್ಥೆಯಾಗಿ ಬೆಳೆಯಿತು. ಸುಮಾರು ಅದೇ ಕಾಲಕ್ಕೆ ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ತನ್ನದೇ ಕೆಲಸ ಶುರುಮಾಡಿತು. ಪ್ರತಿಷ್ಠಾನದಿಂದ ಬಂದ ಡಾ. ಸ್ವೀಟ್ ಅವರ ಜೊತೆಗೆ ಸಂಸ್ಥಾನದ ಆರೋಗ್ಯ ಇಲಾಖೆಯ ವೈದ್ಯರು ದುಡಿದರು.

ನಾಗೇನಹಳ್ಳಿ, ಮೂಡಿಗೆರೆ ಮತ್ತು ಹಿರಿಯೂರುಗಳಲ್ಲಿ ಕ್ಷೇತ್ರ ಕೇಂದ್ರಗಳು ಏರ್ಪಟ್ಟವು. ಈ ಆಯ್ಕೆಯನ್ನು ಗಮನಿಸಿ. ನಾಗೇನಹಳ್ಳಿ ಶ್ರೀರಂಗಪಟ್ಟಣದ ಬಳಿಯ ನೀರಾವರಿ ಸೀಮೆ; ಮೂಡಿಗೆರೆ ತೊರೆಗಳು ಹರಿಯುವ ಮಲೆನಾಡು; ಹಿರಿಯೂರು ಒಣ ಬಯಲಿನಲ್ಲಿ ಮಾರಿಕಣಿವೆ ಜಲಾಶಯದ ನೀರು ಉಣ್ಣುವ ಪ್ರದೇಶ. ನೆಲ ಬೇರೆಯಾದಂತೆ ಸೊಳ್ಳೆಯೂ ಬೇರೆಯಾಗುತ್ತದೆ. ಮಲೆನಾಡಿನ ತೊರೆಗಳಲ್ಲಿ ಅನಾಫಿಲಿಸ್ ಫ್ಲೂವಿಯಾಟಿಲಿಸ್, ಬಯಲಿನ ಕಾಲುವೆ, ಗುಂಡಿ, ಬಾವಿಗಳಲ್ಲಿ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಮುಖ್ಯ ವಾಹಕ.

ಕೆಲಸದ ವಿಧಾನ ಸರಳವಾಗಿತ್ತು, ಆದರೆ ತಾಳ್ಮೆ ಬೇಡುತ್ತಿತ್ತು. ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಊದಿಕೊಂಡಿದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ನೂರು ಮಕ್ಕಳಲ್ಲಿ ಎಷ್ಟು ಮಂದಿಗೆ ಗುಲ್ಮ ದೊಡ್ಡದಾಗಿದೆ ಎಂಬ ಲೆಕ್ಕವೇ ಊರಿನ ಮಲೇರಿಯಾದ ಅಳತೆ. ಆಮೇಲೆ ಮನೆ, ಕೊಟ್ಟಿಗೆಗಳಲ್ಲಿ ಹಿಡಿದ ಸೊಳ್ಳೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಸೀಳಿ, ಅದರ ಜಠರ ಮತ್ತು ಜೊಲ್ಲುಗ್ರಂಥಿಗಳಲ್ಲಿ ರೋಗಾಣುವನ್ನು ಹುಡುಕುವುದು. ಹೀಗೆ ದೊರೆತ ಫಲಿತಾಂಶಗಳು ‘ಮೈಸೂರು ಸಂಸ್ಥಾನದ ಮಲೇರಿಯಾ ಕುರಿತ ಟಿಪ್ಪಣಿಗಳು’ ಎಂಬ ಲೇಖನಮಾಲೆಯಾಗಿ ಸರ್ವೇಕ್ಷಣ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದವು. ರೋಗವಾಹಕ ಸೊಳ್ಳೆಗಳನ್ನು ಕುರಿತ 1934ರ ಲೇಖನದಲ್ಲಿ ಸ್ವೀಟ್ ಅವರ ಹೆಸರಿಗಿಂತ ಮೊದಲು ನರ್ಸಿಂಗ್ ಮತ್ತು ಬಿ.ಎ. ರಾವ್ ಅವರ ಹೆಸರುಗಳಿವೆ. ಸ್ಥಳೀಯ ಸಂಶೋಧಕರು ಸಹಾಯಕರ ಸ್ಥಾನದಿಂದ ಮುಂದೆ ಬಂದಿದ್ದರೆಂಬುದಕ್ಕೆ ಇದು ಗುರುತು.

ಮೊಟ್ಟೆ ಹೇಳಿದ ವ್ಯತ್ಯಾಸ

1937ರಲ್ಲಿ ಸ್ವೀಟ್ ಮತ್ತು ರಾವ್ ಅವರು ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಬಗೆಗಳ ಮೇಲೆ ಒಂದು ಲೇಖನ ಬರೆದರು. ಅನಾಫಿಲಿಸ್ ಮೊಟ್ಟೆಯ ಎರಡೂ ಬದಿಗೆ ನೀರಿನಲ್ಲಿ ತೇಲಿಸುವ ಗಾಳಿಚೀಲಗಳಿರುತ್ತವೆ. ಅವುಗಳ ಮೇಲಿನ ಏಣುಗಳನ್ನು ಎಣಿಸಿ, ಮೊಟ್ಟೆಯ ಉದ್ದಗಲ ಅಳೆದಾಗ ಒಂದೇ ಪ್ರಭೇದದಲ್ಲಿ ಎರಡು ಬಗೆಗಳು ಕಂಡವು. ಏಣು ಹೆಚ್ಚಿದ್ದದ್ದು ಮೂಲ ಬಗೆ. ಕಡಿಮೆ ಇದ್ದದ್ದಕ್ಕೆ ‘ಮೈಸೂರೆನ್ಸಿಸ್’ ಎಂಬ ಹೆಸರು ಬಂತು. ಮೂಲ ಬಗೆ ಪಟ್ಟಣದ ತೊಟ್ಟಿ, ಬಾವಿಗಳಲ್ಲಿ ಬೆಳೆದು ಮನುಷ್ಯರಿಗೆ ರೋಗ ಹರಡುತ್ತದೆ. ಹಳ್ಳಿಗಾಡಿನ ಮೈಸೂರೆನ್ಸಿಸ್ ದನಗಳ ರಕ್ತವನ್ನೇ ಹೆಚ್ಚು ಹೀರುವುದರಿಂದ ನಮ್ಮಲ್ಲಿ ಅದು ದುರ್ಬಲ ವಾಹಕ. 1987ರಲ್ಲಿ ಸರಳಾ ಸುಬ್ಬರಾವ್ ಮತ್ತು ಸಂಗಡಿಗರು ಇವೆರಡರ ನಡುವಿನ ಮೂರನೆಯ ಬಗೆಯನ್ನೂ ಗುರುತಿಸಿದರು.

ಮುಂಬಯಿ ಕರ್ನಾಟಕದ ಗೋಡೆಗಳು

ಹೂವಿನ ಹಿಪ್ಪರಗಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳು ಸೇರಿದ ಬಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಆ ಪ್ರಾಂತದ ಮಲೇರಿಯಾ ಸಂಘಟನೆಯನ್ನು ಮುನ್ನಡೆಸಿದವರು ಡಾ. ಡಿ.ಕೆ. ವಿಶ್ವನಾಥನ್. ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್ ಅವರ ಜೊತೆಗೂಡಿ ಅವರು ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ಕನ್ನಡ ಜಿಲ್ಲೆ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗೆ ಡಿಡಿಟಿ ಸಿಂಪಡಿಸುವ ಪ್ರಯೋಗ ನಡೆಸಿದರು. ಮೊದಲ ವರ್ಷದ ಫಲಿತಾಂಶ 1947ರಲ್ಲಿ ಪ್ರಕಟವಾಯಿತು.

ಇದರ ತರ್ಕವನ್ನು ತರಗತಿಯಲ್ಲಿ ವಿವರಿಸುವುದು ಸುಲಭ. ಸೊಳ್ಳೆಯ ದೇಹ ಸೇರಿದ ರೋಗಾಣು ಬಲಿತು ಜೊಲ್ಲುಗ್ರಂಥಿ ತಲುಪಲು ಸುಮಾರು 10ರಿಂದ 14 ದಿನ ಬೇಕು. ಅಷ್ಟರೊಳಗೆ ಸೊಳ್ಳೆ ಹಲವು ಸಲ ರಕ್ತ ಹೀರಿ, ಪ್ರತಿ ಸಲವೂ ಗೋಡೆಯ ಮೇಲೆ ವಿಶ್ರಮಿಸುತ್ತದೆ. ಗೋಡೆಯಲ್ಲಿ ವಿಷವಿದ್ದರೆ ರೋಗಾಣು ಬಲಿಯುವ ಮೊದಲೇ ಸೊಳ್ಳೆ ಸಾಯುತ್ತದೆ. ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಿಲ್ಲ. ಅವುಗಳ ಆಯುಸ್ಸನ್ನು ಮೊಟಕುಗೊಳಿಸಿದರೆ ಸಾಕು. ಇಂಥ ಪ್ರಯೋಗಗಳ ಅನುಭವದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು.

ಗೆಲುವಿನ ನಂತರ

ಕಾರ್ಯಕ್ರಮಕ್ಕೆ ಮೊದಲು ದೇಶದಲ್ಲಿ ವರ್ಷಕ್ಕೆ 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1965ರ ವೇಳೆಗೆ ದಾಖಲಾದ ಪ್ರಕರಣಗಳು ಸುಮಾರು 1 ಲಕ್ಷಕ್ಕೆ ಇಳಿದವು. ಮಲೇರಿಯಾ ಮುಗಿಯಿತೆಂಬ ಭಾವನೆ ಹರಡಿತು. ಕೀಟಶಾಸ್ತ್ರ ಬಲ್ಲ ಸಿಬ್ಬಂದಿ ತೆಳುವಾಯಿತು. ಇತ್ತ ಸೊಳ್ಳೆಗಳು ಡಿಡಿಟಿಗೆ ಜಗ್ಗದಂತಾದವು. 1976ರಲ್ಲಿ 64 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಔಷಧದ ದಾಸ್ತಾನನ್ನು ಮತ್ತೆ ತರಿಸಬಹುದು. ಸೊಳ್ಳೆಯನ್ನು ಗುರುತಿಸಬಲ್ಲ ಕಣ್ಣುಗಳನ್ನು ತಯಾರು ಮಾಡಲು ವರ್ಷಗಳೇ ಬೇಕು. ಆ ಪಾಠದ ನಡುವೆ 1977ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಮಲೇರಿಯಾ ಸಂಶೋಧನಾ ಕೇಂದ್ರವನ್ನು ತೆರೆಯಿತು.

ಅದರ ಬೆಂಗಳೂರು ಘಟಕದ ಎಸ್.ಕೆ. ಘೋಷ್ ಮತ್ತು ಸಂಗಡಿಗರು ಕರ್ನಾಟಕದ ಹಳ್ಳಿಗಳ ಬಾವಿ, ಕೆರೆಗಳಿಗೆ ಗಪ್ಪಿ ಮತ್ತು ಗ್ಯಾಂಬೂಸಿಯ ಮೀನುಗಳನ್ನು ಬಿಟ್ಟು ಸೊಳ್ಳೆಮರಿಗಳನ್ನು ತಗ್ಗಿಸಿದರು. 2001ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕಲಾಜಾಥಾದ ಮೂಲಕ ಈ ವಿಷಯವನ್ನು ಜನರಿಗೆ ಮುಟ್ಟಿಸಿ, ಅದನ್ನು ನೋಡಿದವರ ಮತ್ತು ನೋಡದವರ ತಿಳಿವಳಿಕೆಯನ್ನು ಹೋಲಿಸಿ ಅಳೆದರು.

ಆಫ್ರಿಕದಲ್ಲಿ ಅದೇ ಸೊಳ್ಳೆ

ಏಷ್ಯದ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ 27 ಪ್ರಕರಣಗಳು ವರದಿಯಾಗಿದ್ದವು. 2020ರಲ್ಲಿ 73 ಸಾವಿರ ದಾಟಿದವು. ಇಥಿಯೋಪಿಯ, ಸುಡಾನ್, ನೈಜೀರಿಯಗಳಲ್ಲೂ ಅದು ಪತ್ತೆಯಾಗಿದೆ. ಹಳ್ಳಿಗಾಡಿನ ರೋಗವೆನಿಸಿದ್ದ ಮಲೇರಿಯಾ ಅಲ್ಲಿ ಪಟ್ಟಣಗಳಿಗೂ ಬರಬಹುದೆಂಬ ಆತಂಕ ಇದರಿಂದ ಹುಟ್ಟಿದೆ. ಹೊಸ ಸೊಳ್ಳೆಯನ್ನು ಬೇಗ ಗುರುತಿಸಲು ಅಲ್ಲಿಯೇ ತರಬೇತಾದ ವಿಜ್ಞಾನಿಗಳು ಬೇಕು. ಮಾಲಿ ದೇಶದ ಬಮಾಕೊದಲ್ಲಿ ಒಗೊಬಾರ ಡೂಂಬೊ, ಯೆಯ ಟೂರೆ ಮೊದಲಾದವರು ಕಟ್ಟಿದ ಮಲೇರಿಯಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇದಕ್ಕೆ ಒಳ್ಳೆಯ ಮಾದರಿ. ಹೊರಗಿನ ಹಣ ಬಂದರೂ ಪ್ರಶ್ನೆಗಳನ್ನು ಆರಿಸುವವರು, ಮುಂದಿನವರನ್ನು ತಯಾರು ಮಾಡುವವರು ಆ ನಾಡಿನವರೇ.

ವಿಜಯಪುರ ಜಿಲ್ಲೆಗೂ ಈ ಮಾತು ಸಲ್ಲುತ್ತದೆ. ಆಲಮಟ್ಟಿಯ ನೀರು ಒಣ ಸೀಮೆಗೆ ಹರಿದು ಬೆಳೆ ತಂದಿದೆ. ಕಾಲುವೆಯ ಬದಿಯಲ್ಲಿ ಬಸಿದು ನಿಂತ ನೀರು ಕ್ಯುಲಿಸಿಫೇಸಿಸ್‌ಗೆ ಅನುಕೂಲ. ಮನೆಯ ತೊಟ್ಟಿ, ಬ್ಯಾರೆಲ್ಲುಗಳು ಸ್ಟೀಫೆನ್ಸಿಗೆ ಅನುಕೂಲ. ಶಾಲೆಯ ವಿಜ್ಞಾನ ಸಂಘದವರು ಒಂದು ಬಿಳಿ ಬಟ್ಟಲು, ಒಂದು ಮಸೂರ ಹಿಡಿದು ಶಿಕ್ಷಕರೊಂದಿಗೆ ಹೊರಟರೆ ಸಾಕು. ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುವುದು ಅನಾಫಿಲಿಸ್ ಮರಿ. ತಲೆ ಕೆಳಗಾಗಿ ಓರೆಯಾಗಿ ತೂಗುವುದು ಬೇರೆ ಕುಲದ್ದು. ಎಲ್ಲಿ, ಯಾವ ತಿಂಗಳು, ಎಷ್ಟು ಎಂದು ಬರೆದಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಬಹುದು. ತಮ್ಮ ಊರಿನ ಸೊಳ್ಳೆಯನ್ನು ಬಲ್ಲ ನಾಲ್ಕು ವಿದ್ಯಾರ್ಥಿಗಳು ಪ್ರತಿ ಊರಿನಲ್ಲಿದ್ದರೆ, 1976ರಂತೆ ರೋಗ ಹೇಳದೆ ಕೇಳದೆ ಮರಳುವುದು ಕಷ್ಟವಾದೀತು.